ಅಂಚೆಯಲ್ಲಿ ಬರುವ ಔಷಧ: ಅಂಗಡಿ ಬದಲಾದಾಗ ವಹಿಸಬೇಕಾದ ಎಚ್ಚರ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮನೆಗಳಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಇಂದು ಪುಣೆ, ಬೆಂಗಳೂರು ದಾಟಿ ಅಮೇರಿಕೆಯಲ್ಲಿ ನೌಕರಿ ಮಾಡುತ್ತಿದ್ದಾರೆ. ಅವರ ಸಂಬಳ, ಮನೆ, ಮಕ್ಕಳ ಶಾಲೆ ಇವುಗಳ ವಿಷಯ ನಾವು ಆಗಾಗ ಕೇಳುತ್ತೇವೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯೋ, ಥೈರಾಯ್ಡೋ, ಬಿ.ಪಿ.ಯೋ ಇದ್ದರೆ ಆ ಗುಳಿಗೆ ಎಲ್ಲಿಂದ ಬರುತ್ತದೆ, ಬರದಿದ್ದರೆ ಏನು ಗತಿ ಎಂಬುದನ್ನು ಮಾತ್ರ ಕೇಳುವವರು ಕಡಿಮೆ. ಆ ದೇಶದಲ್ಲಿ ಔಷಧದ ವ್ಯವಸ್ಥೆ ನಮ್ಮಲ್ಲಿಯಂತಿಲ್ಲ. ಒಂದು ದಿನ ಕಾಗದ ಬರುತ್ತದೆ, ಜನವರಿ 1ರಿಂದ ನಿಮ್ಮ ಔಷಧದ ಅಂಗಡಿ ಬೇರೆ ಎಂದು. ಅಂಥ ಬದಲಾವಣೆಯ ವೇಳೆ ಎಚ್ಚರ ತಪ್ಪಿದರೆ ಜೀವಕ್ಕೇ ಸಂಚಕಾರ ಬಂದೀತು. ನಾವು ವೈದ್ಯರಲ್ಲ, ವಕೀಲರೂ ಅಲ್ಲ. ಬಂಧುಗಳಿಂದ ಕೇಳಿ, ಓದಿ, ವಿಚಾರಿಸಿ ತಿಳಿದದ್ದನ್ನು ಸಮಾಜ ಬಾಂಧವರ ಮುಂದೆ ಇಡುತ್ತಿದ್ದೇವೆ.

ಅಲ್ಲಿಯ ಪದ್ಧತಿ

ಅಮೇರಿಕೆಯಲ್ಲಿ ಬಹಳಷ್ಟು ಜನರಿಗೆ ಆರೋಗ್ಯ ವಿಮೆ ದೊರೆಯುವುದು ನೌಕರಿಯ ಮೂಲಕ. ನೌಕರ, ಆತನ ಪತ್ನಿ, 26 ವರ್ಷ ತುಂಬುವವರೆಗಿನ ಮಕ್ಕಳು ಇವರು ಸಾಮಾನ್ಯವಾಗಿ ಆ ವಿಮೆಯಲ್ಲಿ ಬರುತ್ತಾರೆ. ಡಾಕ್ಟರ ಫೀಸು, ದವಾಖಾನೆಯ ಖರ್ಚಿನ ಜೊತೆಗೆ ದಿನನಿತ್ಯದ ಗುಳಿಗೆಗೂ ಅದರಲ್ಲಿ ನೆರವುಂಟು. ವರ್ಷಾನುಗಟ್ಟಲೆ ತೆಗೆದುಕೊಳ್ಳಬೇಕಾದ ಔಷಧವನ್ನು ಮೂರು ತಿಂಗಳಿಗೆ ಸಾಲುವಷ್ಟು, ಅಂದರೆ 90 ದಿನದ್ದು, ಒಮ್ಮೆಗೇ ಅಂಚೆಯಲ್ಲಿ ಅಥವಾ ಕೊರಿಯರಿನಲ್ಲಿ ಮನೆಗೆ ಕಳಿಸುವ ಏರ್ಪಾಡು ಅನೇಕ ಕಂಪನಿಗಳ ವಿಮೆಯಲ್ಲಿದೆ. ತಿಂಗಳು ತಿಂಗಳು ಅಂಗಡಿಗೆ ಹೋಗಿ ಮೂರು ಸಲ ಹಣ ಕೊಡುವುದಕ್ಕಿಂತ ಇದು ಎಷ್ಟೋ ವೇಳೆ ಅಗ್ಗ. ಡಾಕ್ಟರು ಚೀಟಿಯನ್ನು ಕಂಪ್ಯೂಟರಿನ ಮೂಲಕ ನೇರವಾಗಿ ಅಂಚೆ ಔಷಧಾಲಯಕ್ಕೇ ಕಳಿಸುತ್ತಾರೆ. ಒಮ್ಮೆ ಬರೆದರೆ ಒಂದು ವರ್ಷದ ತನಕ ಮತ್ತೆ ಮತ್ತೆ ತರಿಸಬಹುದು.

ಹೀಗೆ ಡಬ್ಬಿ ತಾನಾಗಿ ಬಾಗಿಲಿಗೆ ಬರುವುದು ರೂಢಿಯಾದಾಗ ಮನುಷ್ಯ ಅದನ್ನು ಮರೆತೇ ಬಿಡುತ್ತಾನೆ. ಕಷ್ಟ ಅಲ್ಲಿಯೇ ಇದೆ.

ನಡುವಿನ ದಲಾಲರು

ಅಡತಿ ವ್ಯಾಪಾರ ನಮಗೆ ಹೊಸದಲ್ಲ. ರೈತ ತೊಗರಿಯ ಚೀಲ ತಂದು ಅಡತಿ ಅಂಗಡಿಯಲ್ಲಿ ಇಳಿಸುತ್ತಾನೆ. ಕೊಳ್ಳುವ ಗಿರಾಕಿ ಬೇರೆ. ನಡುವೆ ಅಡತ್ಯಾ ತೂಕ ಮಾಡಿಸಿ, ದರ ಕುದುರಿಸಿ, ಹಣ ಕೊಡಿಸಿ ತನ್ನ ಕಮಿಷನ್ ಹಿಡಿಯುತ್ತಾನೆ. ಅಮೇರಿಕೆಯ ಔಷಧ ವ್ಯಾಪಾರದಲ್ಲೂ ಇಂಥ ನಡುವಿನವರಿದ್ದಾರೆ. ಅವರನ್ನು ಚಿಕ್ಕದಾಗಿ ಪಿ.ಬಿ.ಎಂ. ಎನ್ನುತ್ತಾರೆ. ಔಷಧ ತಯಾರಿಸುವವರ ಜೊತೆ ದರ ಮಾತಾಡುವುದು, ಯಾವ ಔಷಧಕ್ಕೆ ವಿಮೆ ಕೊಡಬೇಕು, ಯಾವುದಕ್ಕೆ ಬೇಡ ಎಂಬ ಯಾದಿ ಮಾಡುವುದು, ಅಂಗಡಿಗಳಿಗೆ ಹಣ ಸಲ್ಲಿಸುವುದು ಇವರ ಕೆಲಸ. ನಮ್ಮ ಅಡತ್ಯಾಗೂ ಇವರಿಗೂ ಒಂದು ದೊಡ್ಡ ಅಂತರವಿದೆ. ಇವರು ತಮ್ಮದೇ ಅಂಚೆ ಔಷಧಾಲಯವನ್ನೂ ನಡೆಸುತ್ತಾರೆ, ಅಂದರೆ ದಲಾಲಿಯೂ ಅವರದೇ, ಅಂಗಡಿಯೂ ಅವರದೇ.

ಈ ವ್ಯಾಪಾರದಲ್ಲಿ ಮೂರು ಮನೆಗಳು ದೊಡ್ಡವು: ಸಿ.ವಿ.ಎಸ್. ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್. ಅಲ್ಲಿಯ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈಯಲ್ಲಿ ಹೊರತಂದ ವರದಿಯ ಪ್ರಕಾರ, 2023ರಲ್ಲಿ ದೇಶದಲ್ಲಿ ಕೊಟ್ಟ ಸುಮಾರು 660 ಕೋಟಿ ಔಷಧ ಚೀಟಿಗಳಲ್ಲಿ ಶೇಕಡಾ 80ರ ಹತ್ತಿರ ಈ ಮೂವರ ಕೈಯಿಂದಲೇ ಹಾದುಹೋಗಿವೆ.

ಈ ಮನೆಗಳೂ ಕೈ ಬದಲಾಯಿಸುತ್ತಲೇ ಬಂದಿವೆ. ಮೆಡ್ಕೊ ಎಂಬ ಹೆಸರಾಂತ ಅಂಚೆ ಔಷಧದ ಕಂಪನಿಯನ್ನು 1993ರಲ್ಲಿ ಔಷಧ ತಯಾರಕರಾದ ಮರ್ಕ್‌ನವರು ಕೊಂಡರು. 2003ರಲ್ಲಿ ಅದು ಬೇರೆಯಾಯಿತು. 2012ರಲ್ಲಿ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಅದನ್ನು ಸುಮಾರು 2,900 ಕೋಟಿ ಡಾಲರಿಗೆ ತೆಗೆದುಕೊಂಡಿತು. ಆ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸನ್ನೇ 2018ರ ಕೊನೆಯಲ್ಲಿ ಸಿಗ್ನಾ ಎಂಬ ವಿಮಾ ಕಂಪನಿ ಕೊಂಡಿತು. ರೋಗಿ ಅವನೇ, ಗುಳಿಗೆ ಅದೇ, ಬೋರ್ಡು ಮಾತ್ರ ಬೇರೆ.

ಬದಲಾವಣೆ ಏಕೆ ಆಗುತ್ತದೆ?

ನೌಕರಿ ಕೊಟ್ಟ ಕಂಪನಿ ಈ ದಲಾಲರ ಜೊತೆ ಕೆಲವು ವರ್ಷಗಳ ಕರಾರು ಮಾಡಿಕೊಂಡಿರುತ್ತದೆ. ಕರಾರು ಮುಗಿದಾಗ ಮತ್ತೊಬ್ಬರು ಕಡಿಮೆ ದರಕ್ಕೆ ಬಂದರೆ ಕಂಪನಿ ಅವರ ಕಡೆಗೆ ಹೊರಳುತ್ತದೆ. ಉದಾಹರಣೆಗೆ, ಕ್ಯಾಲಿಫೋರ್ನಿಯಾದ ಸರಕಾರಿ ನೌಕರರ ವಿಮೆ ನೋಡಿಕೊಳ್ಳುವ ಕ್ಯಾಲ್‌ಪರ್ಸ್ ಸಂಸ್ಥೆ 2017ರ ಜನವರಿಯಿಂದ ಸಿ.ವಿ.ಎಸ್. ಕೇರ್‌ಮಾರ್ಕ್ ಬಿಟ್ಟು ಆಪ್ಟಮ್ ಆರ್‌ಎಕ್ಸ್ ಹಿಡಿಯಿತು. 2026ರ ಜನವರಿಯಿಂದ ಮರಳಿ ಸಿ.ವಿ.ಎಸ್. ಕೇರ್‌ಮಾರ್ಕ್‌ನ್ನೇ ಆರಿಸಿಕೊಂಡಿತು. ಲಕ್ಷಾಂತರ ಜನರ ಔಷಧದ ಖಾತೆ ಹೀಗೆ ಅತ್ತಿಂದ ಇತ್ತ, ಇತ್ತಿಂದ ಅತ್ತ ಹೋಯಿತು. ಇದರಲ್ಲಿ ನೌಕರನ ಒಪ್ಪಿಗೆ ಕೇಳುವ ಮಾತಿಲ್ಲ.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ

ಹಳೆಯ ಔಷಧಾಲಯ ತನ್ನಲ್ಲಿ ಉಳಿದ ಚೀಟಿಗಳ ದಾಖಲೆಯನ್ನು ಹೊಸಬರಿಗೆ ಒಟ್ಟಾಗಿ ಕಳಿಸುವುದುಂಟು. “ನೀವೇನೂ ಮಾಡಬೇಕಿಲ್ಲ, ಎಲ್ಲ ತಾನಾಗಿ ಆಗುತ್ತದೆ” ಎಂದು ಕಾಗದದಲ್ಲಿ ಬರೆದಿರುತ್ತದೆ. ಆದರೆ ಎಲ್ಲವೂ ತಾನಾಗಿ ಆಗುವುದಿಲ್ಲ.

ಅವಧಿ ಮುಗಿದ ಚೀಟಿ ಹೋಗುವುದಿಲ್ಲ. ಅಮಲು ಅಥವಾ ಚಟ ಹತ್ತುವ ಸಂಭವವಿರುವುದರಿಂದ ಸರಕಾರದ ಬಿಗಿ ಕಾಯ್ದೆಗೆ ಒಳಪಟ್ಟ ಔಷಧಗಳಿವೆ. ಕೆಲವು ನೋವಿನ ಗುಳಿಗೆಗಳು, ಮಕ್ಕಳ ಚಂಚಲತೆಗೆ ಕೊಡುವ ಕೆಲವು ಔಷಧಗಳು ಆ ಜಾತಿಯವು. ಇವುಗಳಿಗೆ ಸಾಮಾನ್ಯವಾಗಿ ಡಾಕ್ಟರು ಹೊಸದಾಗಿಯೇ ಬರೆಯಬೇಕು. ದುಬಾರಿ ಔಷಧಕ್ಕೆ ಮೊದಲೇ ಪಡೆದ ಮಂಜೂರಾತಿ ಹೊಸ ಕಂಪನಿಯಲ್ಲಿ ನಡೆಯುತ್ತದೆಂಬ ಭರವಸೆ ಇಲ್ಲ. ತಾನಾಗಿ ಕಳಿಸುವ ಏರ್ಪಾಡು, ಹಣ ಕೊಡುವ ಕಾರ್ಡಿನ ನಂಬರು, ಮನೆಯ ವಿಳಾಸ ಇವುಗಳನ್ನು ಹೊಸದಾಗಿ ದಾಖಲಿಸಬೇಕಾಗುತ್ತದೆ. ಹಳೆಯ ಅಂಗಡಿಯ ಬಾಕಿ ಮಾತ್ರ ಎಲ್ಲಿಯೂ ಹೋಗುವುದಿಲ್ಲ, ಅದನ್ನು ನಾವೇ ಚುಕ್ತಾ ಮಾಡಬೇಕು.

ಇನ್ನೊಂದು ಸಂಗತಿ ಔಷಧಗಳ ಯಾದಿ. ಪ್ರತಿ ದಲಾಲನ ಯಾದಿ ಬೇರೆ. ಒಬ್ಬರಲ್ಲಿ ಅಗ್ಗವಾಗಿದ್ದ ಔಷಧ ಇನ್ನೊಬ್ಬರಲ್ಲಿ ದುಬಾರಿಯಾದೀತು, ಅಥವಾ ಯಾದಿಯಲ್ಲೇ ಇಲ್ಲದಿದ್ದೀತು. ಕಂಪನಿ ಬದಲಾಗದೆಯೂ ಯಾದಿ ಬದಲಾಗುವುದುಂಟು. 2025ರ ಜುಲೈಯಲ್ಲಿ ಸಿ.ವಿ.ಎಸ್. ಕೇರ್‌ಮಾರ್ಕ್ ತನ್ನ ಸಾಮಾನ್ಯ ಯಾದಿಯಿಂದ ತೂಕ ಇಳಿಸುವ ಝೆಪ್‌ಬೌಂಡ್ ಔಷಧ ತೆಗೆದು ವೆಗೋವಿಗೆ ಆದ್ಯತೆ ಕೊಟ್ಟಿತು.

ಒಂದು ಮನೆಯ ಅನುಭವ

ನ್ಯೂಜೆರ್ಸಿಯಲ್ಲಿರುವ ನಮ್ಮ ತಂಗಿಯ ಮಗನ ಮನೆಯ ಸಂಗತಿ ಹೇಳುತ್ತೇವೆ. ಅವನ ಹನ್ನೊಂದು ವರ್ಷದ ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಬೇಕು. ಅವನ ಕಂಪನಿ ಹೊಸ ವರ್ಷದಿಂದ ಔಷಧದ ವ್ಯವಸ್ಥೆ ಬದಲಿಸಿತು. ಹಳೆಯ ಔಷಧಾಲಯದವರು “ಚೀಟಿ ಕಳಿಸಿದ್ದೇವೆ” ಎಂದರು, ಹೊಸಬರು “ನಮಗೆ ಬಂದಿಲ್ಲ” ಎಂದರು. ಡಾಕ್ಟರ ಕಚೇರಿಗೆ ರಜೆ. ಮನೆಯಲ್ಲಿ ನಾಲ್ಕು ದಿನದ ಇನ್ಸುಲಿನ್ ಮಾತ್ರ ಉಳಿದಿತ್ತು. ಇಲ್ಲಿ ನಮ್ಮ ತಂಗಿಗೆ ನಿದ್ದೆ ಇಲ್ಲ. ಹಣವಿದ್ದೂ, ವಿಮೆಯಿದ್ದೂ ಮಗುವಿಗೆ ಔಷಧವಿಲ್ಲ ಎಂದರೆ ಯಾವ ಅಜ್ಜಿಗೆ ನಿದ್ದೆ ಬಂದೀತು?

ಕೊನೆಗೆ ಸೊಸೆ ಜಾಣತನ ಮಾಡಿದಳು. ರಜೆಯ ದಿನ ಕರೆ ತೆಗೆದುಕೊಳ್ಳುವ ಡಾಕ್ಟರಿಗೆ ಫೋನ್ ಮಾಡಿ, ಮನೆ ಹತ್ತಿರದ ಔಷಧದ ಅಂಗಡಿಗೇ 30 ದಿನದ ಚೀಟಿ ಬರೆಸಿದಳು. ಹಳೆಯ ಡಬ್ಬಿಯ ಲೇಬಲ್ಲಿನ ಫೋಟೋ ಅವಳ ಬಳಿ ಇತ್ತು, ಹೆಸರು, ಪ್ರಮಾಣ ಹೇಳಲು ತಡವಾಗಲಿಲ್ಲ. ಸಂಜೆಯೊಳಗೆ ಇನ್ಸುಲಿನ್ ಮನೆಗೆ ಬಂತು. ಕೈಯಿಂದ ಕೊಟ್ಟ ಹಣದ ರಸೀದಿ ಇಟ್ಟು ಆಮೇಲೆ ವಿಮೆಯಿಂದ ವಸೂಲು ಮಾಡಿದಳು.

ಎಲ್ಲರಿಗೂ ಹೀಗೆ ಸುಸೂತ್ರವಾಗುವುದಿಲ್ಲ. ಒಹಾಯೊ ರಾಜ್ಯದಲ್ಲಿ ಒಬ್ಬ ತರುಣನ ಇನ್ಸುಲಿನ್ ಚೀಟಿಯ ಅವಧಿ 2013ರ ವರ್ಷದ ಕೊನೆಯ ರಜೆಯ ವೇಳೆಗೆ ಮುಗಿದಿತ್ತು. ಅಂಗಡಿಯವರು ಕೊಡಲಿಲ್ಲ, ಡಾಕ್ಟರು ಸಿಗಲಿಲ್ಲ. 2014ರ ಜನವರಿಯಲ್ಲಿ ಆತ ತೀರಿಕೊಂಡ. ಅವನ ಮನೆಯವರ ಪ್ರಯತ್ನದಿಂದ ಅಲ್ಲಿ “ಕೆವಿನ್ ಕಾಯ್ದೆ” ಬಂತು. ಜೀವ ಉಳಿಸುವ ಔಷಧವನ್ನು ಸಂಕಟದ ವೇಳೆ ಹೊಸ ಚೀಟಿ ಇಲ್ಲದೆಯೂ ಕೊಡಲು ಔಷಧದ ಅಂಗಡಿಯವರಿಗೆ ಅಧಿಕಾರ ದೊರೆಯಿತು. ಬೇರೆ ಎಷ್ಟೋ ರಾಜ್ಯಗಳೂ ಇಂಥ ಕಾಯ್ದೆ ಮಾಡಿವೆ. ನಮ್ಮ ಮಕ್ಕಳು ತಾವಿರುವ ರಾಜ್ಯದಲ್ಲಿ ಈ ಅನುಕೂಲ ಎಷ್ಟಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಗುಳಿಗೆಯ ಬಣ್ಣ, ಕ್ಯಾಪ್ಸೂಲಿನ ಹೊದಿಕೆ

ಅಂಗಡಿ ಬದಲಾದಾಗ ಗುಳಿಗೆ ತಯಾರಿಸುವ ಕಂಪನಿಯೂ ಬದಲಾಗಬಹುದು. ನಿನ್ನೆ ಬಿಳಿ ಇದ್ದದ್ದು ಇಂದು ಹಳದಿಯಾಗಿ ಬಂದೀತು. ಔಷಧ ಒಂದೇ ಇದ್ದರೆ ಹೆದರಬೇಕಿಲ್ಲ, ಆದರೆ ಹೆಸರನ್ನೂ ಮಿಲಿಗ್ರಾಮನ್ನೂ ಓದಿ ನೋಡದೆ ನುಂಗಬಾರದು. ಥೈರಾಯ್ಡಿನ ಲೆವೊಥೈರಾಕ್ಸಿನ್ ಬಹಳ ಸೂಕ್ಷ್ಮ ಪ್ರಮಾಣದ ಔಷಧ. ತಯಾರಕರು ಬದಲಾದರೆ ಡಾಕ್ಟರಿಗೆ ತಿಳಿಸಬೇಕು. ಆರೆಂಟು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಲು ಅವರು ಹೇಳಬಹುದು.

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಬಹಳಷ್ಟು ಕ್ಯಾಪ್ಸೂಲುಗಳ ಹೊದಿಕೆ ಜೆಲಾಟಿನ್‌ನಿಂದ ಆಗಿರುತ್ತದೆ. ಅದು ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದದ್ದು. ಇಷ್ಟು ದಿನ ಗುಳಿಗೆಯಾಗಿ ಬರುತ್ತಿದ್ದ ಔಷಧಕ್ಕೆ ಹೊಸ ಚೀಟಿ ಬರೆಯುವಾಗ ಕ್ಯಾಪ್ಸೂಲ್ ಎಂದು ಬಂದರೂ ಬರಬಹುದು. ಅದೇ ಔಷಧ ಗುಳಿಗೆಯ ರೂಪದಲ್ಲಿ ಅಥವಾ ಸಸ್ಯಜನ್ಯ ಹೊದಿಕೆಯಲ್ಲಿ ಸಿಗುತ್ತದೆಯೇ ಎಂದು ಡಾಕ್ಟರನ್ನೂ ಔಷಧಾಲಯದವರನ್ನೂ ಕೇಳಬಹುದು. ಅಲ್ಲಿಯ ಸರಕಾರದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಡೈಲಿಮೆಡ್ ಎಂಬ ಯಾದಿಯಲ್ಲಿ ಪ್ರತಿ ತಯಾರಕರ ಔಷಧದಲ್ಲಿ ಏನೇನು ಬೆರೆಸಿದೆ ಎಂಬುದು ಬರೆದಿರುತ್ತದೆ. ಆದರೆ ಬದಲಿ ಸಿಗುವ ತನಕ ಡಾಕ್ಟರನ್ನು ಕೇಳದೆ ಔಷಧ ನಿಲ್ಲಿಸುವುದು ತರವಲ್ಲ. ರೋಗಿಯ ಜೀವದ ಮೇಲೂ ನಮಗೆ ದಯೆ ಇರಬೇಕು.

ಮಾಡಬೇಕಾದ ಕೆಲಸಗಳು

1. ಬದಲಾವಣೆಯ ಕಾಗದ ಬಂದ ದಿನವೇ ಮನೆಯವರೆಲ್ಲರ ಔಷಧಗಳ ಹೆಸರು, ಪ್ರಮಾಣ, ಡಾಕ್ಟರ ಹೆಸರು, ಎಷ್ಟು ದಿನಕ್ಕೆ ಸಾಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಡಬ್ಬಿಗಳ ಲೇಬಲ್ಲಿನ ಫೋಟೋ ತೆಗೆದಿಡಬೇಕು. ಹಳೆಯ ಖಾತೆ ಮುಚ್ಚಿದ ಮೇಲೆ ಆ ವಿವರ ಸಿಗುವುದು ಕಷ್ಟ.

2. ಹಳೆಯ ಔಷಧಾಲಯದಿಂದ ಕೊನೆಯ ಸಲದ್ದನ್ನು ಡಿಸೆಂಬರಿನೊಳಗೆ ತರಿಸಬೇಕು. ಮೊದಲಿನದು ಬಹುಪಾಲು ಮುಗಿಯದೆ ವಿಮೆಯವರು ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲವಾದ್ದರಿಂದ ತಾರೀಖು ಲೆಕ್ಕ ಹಾಕಿಟ್ಟುಕೊಳ್ಳಬೇಕು.

3. ಹೊಸ ಯಾದಿಯಲ್ಲಿ ಪ್ರತಿ ಔಷಧವೂ ಇದೆಯೇ, ಎಷ್ಟು ಹಣ, ಮುಂಗಡ ಮಂಜೂರಾತಿ ಬೇಕೇ ಎಂದು ಮೊದಲೇ ನೋಡಬೇಕು. ಇಲ್ಲದಿದ್ದರೆ ಡಾಕ್ಟರಿಂದ ಬದಲಿ ಔಷಧ ಬರೆಸಬೇಕು, ಅಥವಾ ವಿನಾಯಿತಿಗೆ ಅರ್ಜಿ ಹಾಕಿಸಬೇಕು.

4. ದಾಖಲೆ ತಾನಾಗಿ ಬರುತ್ತದೆಂದು ಕಾಯದೆ ಡಾಕ್ಟರಿಂದ ಹೊಸ ಔಷಧಾಲಯಕ್ಕೆ ಹೊಸ ಚೀಟಿ ಕಳಿಸುವಂತೆ ಹೇಳುವುದು ಸುರಕ್ಷಿತ. ಮೊದಲ ಸಲದ ಡಬ್ಬಿ ಬರಲು ಎರಡು ವಾರ ಹಿಡಿದೀತೆಂದು ತಿಳಿದಿರಬೇಕು.

5. ಹೊಸ ಕಾರ್ಡಿನ ನಂಬರುಗಳನ್ನು ಡಾಕ್ಟರ ಕಚೇರಿಗೂ ಹತ್ತಿರದ ಔಷಧದ ಅಂಗಡಿಗೂ ಕೊಡಬೇಕು. ಪತ್ನಿಯ ಔಷಧದ ಖಾತೆ ಅನೇಕ ಕಡೆ ಬೇರೆಯೇ ಇರುವುದರಿಂದ ಅವರು ತಮ್ಮದನ್ನು ತಾವೇ ತೆರೆಯಬೇಕಾಗಬಹುದು.

6. ಇನ್ಸುಲಿನ್‌ನಂಥ ತಂಪಿನಲ್ಲಿಡುವ ಔಷಧ ಯಾವ ದಿನ ಬರುತ್ತದೆಂದು ಕೇಳಿ, ಆ ದಿನ ಮನೆಯಲ್ಲಿ ಯಾರಾದರೂ ಇರಬೇಕು. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಜನವರಿಯ ಹಿಮದಲ್ಲಿ ಬಾಗಿಲ ಹೊರಗೆ ಬಿದ್ದು ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ.

7. ಯಾರ ಜೊತೆ, ಯಾವ ದಿನ, ಏನು ಮಾತಾಡಿದೆವು ಎಂದು ಬರೆದಿಡಬೇಕು. ವ್ಯಾಪಾರದಲ್ಲಿ ಬಾಯಿಮಾತಿಗಿಂತ ಚೀಟಿಗೆ ಬೆಲೆ. ಸಮಸ್ಯೆ ಬಗೆಹರಿಯದಿದ್ದರೆ ಕಂಪನಿಯ ನೌಕರರ ಸೌಲಭ್ಯ ನೋಡಿಕೊಳ್ಳುವ ಕಚೇರಿಗೆ ಬರೆಯಬೇಕು. ಕರಾರು ಮಾಡಿದವರು ಅವರು. ಅವರ ಮಾತು ಬೇಗ ನಡೆಯುತ್ತದೆ.

ಅಂಚೆಯೊಂದನ್ನೇ ನಂಬಿ ಕೂಡುವುದೂ ಸರಿಯಲ್ಲ. 2020ರ ಬೇಸಿಗೆಯಲ್ಲಿ ಅಲ್ಲಿಯ ಸರಕಾರಿ ಅಂಚೆ ನಿಧಾನವಾದಾಗ ನಿವೃತ್ತ ಸೈನಿಕರ ಔಷಧಗಳು ತಡವಾಗಿ ದೊಡ್ಡ ಗದ್ದಲವೇ ಆಗಿತ್ತು.

ಹೋಗಿ ಬರುವವರಿಗೆ ಎರಡು ಮಾತು

ಮಕ್ಕಳನ್ನು ನೋಡಲು ಅಮೇರಿಕೆಗೆ ಹೋಗುವ ತಂದೆ-ತಾಯಿಗಳು ಮಗನ ಕಂಪನಿಯ ವಿಮೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅವರ ಔಷಧ ಅಂಚೆಯಲ್ಲಿ ತರಿಸಿದರಾಯಿತು ಎಂದುಕೊಳ್ಳಬಾರದು. ಇರುವಷ್ಟು ದಿನಕ್ಕೆ ಬೇಕಾದ ಔಷಧವನ್ನು ಇಲ್ಲಿಂದಲೇ, ಡಾಕ್ಟರ ಇಂಗ್ಲಿಷ್ ಚೀಟಿಯೊಂದಿಗೆ, ಅಂಗಡಿಯ ಮೂಲ ಪಾಕೀಟಿನಲ್ಲೇ ಒಯ್ಯಬೇಕು. ಪ್ರವಾಸದ ವಿಮೆಯನ್ನು ಬೇರೆ ಮಾಡಿಸಬೇಕು. ಮಕ್ಕಳು ಮದುವೆ, ಪಂಚಕಲ್ಯಾಣಗಳಿಗೆ ಊರಿಗೆ ಬರುವಾಗ ಔಷಧ ನಡುವೆ ಮುಗಿಯುವಂತಿದ್ದರೆ, ಪ್ರವಾಸದ ಸಲುವಾಗಿ ಮುಂಚಿತವಾಗಿ ಕೊಡಿರೆಂದು ವಿಮೆಯವರನ್ನು ಕೇಳುವ ಅವಕಾಶ ಅನೇಕ ಕಡೆ ಇದೆ.

ದೀಪಾವಳಿಯ ಖಾತೆ ಪೂಜೆಗೆ ಮುಂಚೆ ಅಂಗಡಿಯ ಮಾಲು ಎಣಿಸಿ, ಹಳೆ ಬಾಕಿ ನೋಡಿ, ಹೊಸ ವಹಿ ತೆರೆಯುವುದು ನಮ್ಮ ಹಿರಿಯರು ಹಾಕಿಕೊಟ್ಟ ರೂಢಿ. ಅಮೇರಿಕೆಯ ಕಂಪನಿಗಳಲ್ಲಿ ಮುಂದಿನ ವರ್ಷದ ವಿಮೆ ಆರಿಸುವ ಕಾಲವೂ ಬಹುತೇಕ ಅದೇ, ಅಕ್ಟೋಬರ್-ನವೆಂಬರ್ ತಿಂಗಳು. ಈ ಸಲ ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದಾಗ ನಮ್ಮ ಮಕ್ಕಳಿಗೆ, ಸೊಸೆಯಂದಿರಿಗೆ, ಮನೆಯ ಔಷಧದ ಕಪಾಟನ್ನೂ ಒಮ್ಮೆ ಎಣಿಸಿ ನೋಡಿರಿ ಎಂದು ಹೇಳೋಣ.