ನಿಮಗಿದು ಗೊತ್ತೆ? ರಣಹದ್ದಿನ ಹೆಸರಿನ ನೋವು
ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಬೆಳಿಗ್ಗೆ ಓಡುವವರನ್ನೂ, ವಡೋದರಾ, ಸೂರತ್‌ಗಳಲ್ಲಿ ನವರಾತ್ರಿಯಿಡೀ ಬಗ್ಗಿ ತಿರುಗಿ ಗರ್ಬಾ ಕುಣಿಯುವವರನ್ನೂ ಕಾಡಬಹುದಾದ ನೋವು ಸಯಾಟಿಕಾ. ಸೊಂಟದಿಂದ ಹಿಂದೊಡೆಗಿಳಿದು ಪಾದದವರೆಗೂ ಕರೆಂಟು ಹೊಡೆದಂತಾಗುತ್ತದೆ. ಆಯುರ್ವೇದದಲ್ಲಿ ಇದರ ಹೆಸರು ‘ಗೃಧ್ರಸಿ’. ಗೃಧ್ರ ಎಂದರೆ ರಣಹದ್ದು. ಕಾಲೆಳೆಯುವ ರೋಗಿಯ ನಡಿಗೆ ರಣಹದ್ದಿನ ನಡಿಗೆಯಂತೆ ಕಂಡಿತಂತೆ! ನೋಯುವ ನರವೂ ಸಣ್ಣದಲ್ಲ: ದೇಹದಲ್ಲೇ ದಪ್ಪ, ಹೆಚ್ಚುಕಡಿಮೆ ಬೆರಳಿನಷ್ಟು. ಬೆನ್ನುಮೂಳೆಯ ಡಿಸ್ಕ್ ಜಾರಿ ನರದ ಬೇರನ್ನು ಒತ್ತಿದಾಗ ಈ ನೋವು ಬರುವುದನ್ನು ಅಮೆರಿಕದ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಹಾಗೆಂದು ಹಾಸಿಗೆ ಹಿಡಿಯಬೇಕಿಲ್ಲ. ಓಟ, ಕುಣಿತಕ್ಕೆ ಬಿಡುವು ಕೊಟ್ಟು ನಿಧಾನವಾಗಿ ನಡೆಯುತ್ತ, ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮ ಮಾಡಿದರೆ ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ನೋವು ಇಳಿಯುತ್ತದೆ. ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.