ಏಳದ ಧೂಳಿಗೂ ಒಂದು ಅಳತೆ

ನಿಡುಗಲ್ ಸೀಮೆಯಲ್ಲಿ ದಿನವಿಡೀ ಪುಡಿಯ ನಡುವೆ ದುಡಿಯುವವರನ್ನು ನೋಡಬೇಕಾದರೆ ರಾಗಿ ಬೀಸುವ ಗಿರಣಿಗೆ ಹೋಗಬೇಕು, ಇಲ್ಲವೇ ಜಲ್ಲಿ ಕ್ರಷರ್‌ಗೆ. ಎರಡು ಕಡೆಯೂ ಗೋಡೆ, ತಲೆಗೂದಲು, ಕಣ್ಣರೆಪ್ಪೆಗಳ ಮೇಲೆ ಪುಡಿ ಕೂತಿರುತ್ತದೆ. ಆದರೆ ರೆಪ್ಪೆಯ ಮೇಲೆ ಕೂತದ್ದನ್ನು ನೋಡಿ ಎದೆಗೆ ಇಳಿದದ್ದನ್ನು ಊಹಿಸಲಾಗದು.

ಸುಮಾರು 100 ಮೈಕ್ರೋಮೀಟರ್‌ವರೆಗಿನ ಕಣಗಳನ್ನು ನಾವು ಉಸಿರಿನೊಂದಿಗೆ ಒಳಗೆಳೆದುಕೊಳ್ಳಬಲ್ಲೆವು. ದೊಡ್ಡವು ಮೂಗು, ಗಂಟಲಲ್ಲೇ ನಿಲ್ಲುತ್ತವೆ. 10 ಮೈಕ್ರೋಮೀಟರ್ ಆಸುಪಾಸಿನವು ಗಂಟಲು ದಾಟಿ ಎದೆಯ ಗಾಳಿನಾಳಗಳಿಗೆ ಇಳಿಯುತ್ತವೆ. 4 ಮೈಕ್ರೋಮೀಟರ್ ಮತ್ತು ಅದಕ್ಕೂ ಸಣ್ಣವು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನೇ ತಲುಪುತ್ತವೆ. ಧೂಳಿನ ಅಳತೆಯೆಲ್ಲ ಈ ಮೂರು ಪಾಲುಗಳ ಮೇಲೆಯೇ ನಿಂತಿದೆ.

ಪಾಲು ಎಷ್ಟೆಂಬುದರ ಜೊತೆಗೆ ಅದು ಯಾವುದರ ಧೂಳು ಎಂಬುದೂ ಮುಖ್ಯ. ಹಿಟ್ಟಿನ ಧೂಳಿನಿಂದ ಗಿರಣಿಯವರಿಗೆ ಆಸ್ತಮಾ ಬರಬಹುದು. ಇನ್ನು ಕ್ರಷರಿನ ಕಲ್ಲು. ಈ ಭಾಗದ ಮಧುಗಿರಿ, ಪಾವಗಡದ ಬೆಟ್ಟಗಳದ್ದು ಗ್ರಾನೈಟ್. ಅದರಲ್ಲಿ ಸ್ಫಟಿಕಶಿಲೆ, ಅಂದರೆ ಸಿಲಿಕಾ, ಹೇರಳ. ಅದರ ಧೂಳು ತರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ಗೆ ಮದ್ದಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ತಪಾಸಣೆ ನಡೆದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕಾರ್ಮಿಕರಲ್ಲಿ ಅದು ಕಂಡಿತ್ತು. 1948ರ ಕಾರ್ಖಾನೆ ಕಾಯ್ದೆಯಡಿ ಇಂಥ ಧೂಳಿಗೆ ಮಿತಿಯ ಸೂತ್ರವೊಂದಿತ್ತು: ಧೂಳಿನಲ್ಲಿ ಸ್ಫಟಿಕಶಿಲೆ ಶೇಕಡಾ ಎಷ್ಟಿದೆಯೋ ಅದಕ್ಕೆ 2 ಸೇರಿಸಿ, ಬಂದ ಸಂಖ್ಯೆಯಿಂದ 10ನ್ನು ಭಾಗಿಸಬೇಕಿತ್ತು. ಶೇಕಡಾ 30 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಗಾಳಿಗೂಡು ಮುಟ್ಟುವ ಧೂಳು ಸುಮಾರು 0.3 ಮಿಲಿಗ್ರಾಂ ಮೀರುವಂತಿರಲಿಲ್ಲ.

ಇಂಥ ಮಿತಿಯನ್ನು ಪರೀಕ್ಷಿಸಲು ಕೆಲಸಗಾರನ ಕಾಲರಿಗೆ ಸಣ್ಣ ಫಿಲ್ಟರ್, ಸೊಂಟಕ್ಕೆ ಪಂಪು ಕಟ್ಟಿ ಪಾಳಿ ಮುಗಿದ ಮೇಲೆ ಫಿಲ್ಟರನ್ನು ತೂಗುತ್ತಾರೆ. ಇದು ಎದ್ದ ಧೂಳಿನ ಲೆಕ್ಕ. ತೂಕ ಗೊತ್ತಾಗುವ ಹೊತ್ತಿಗೆ ಒಬ್ಬ ಅದನ್ನು ಉಸಿರಾಡಿ ಮುಗಿಸಿರುತ್ತಾನೆ. ಚೀಲ ಬಿಚ್ಚುವ ಮೊದಲೇ 'ಈ ಪುಡಿ ಎಷ್ಟು ಧೂಳೆಬ್ಬಿಸೀತು' ಎಂದು ತಿಳಿಯಲು ಬೇರೆ ಪರೀಕ್ಷೆಗಳು ಬೇಕು. ಯುರೋಪಿನ ಇಎನ್ 15051 ಮಾನದಂಡ ಅಂಥ ಎರಡನ್ನು ಒಪ್ಪಿದೆ.

ಮೊದಲನೆಯದು ತಿರುಗುವ ಡ್ರಮ್. ಕಾಂಕ್ರೀಟ್ ಮಿಕ್ಸರ್‌ನಂತೆ ಒಳಗೋಡೆಯಲ್ಲಿ ಪಟ್ಟಿಗಳಿರುವ ಡ್ರಮ್ಮಿಗೆ 35 ಘನ ಸೆಂಟಿಮೀಟರ್ ಪುಡಿ ಹಾಕಿ, ನಿಮಿಷಕ್ಕೆ ನಾಲ್ಕು ಸುತ್ತಿನಂತೆ ಒಂದು ನಿಮಿಷ ತಿರುಗಿಸುತ್ತಾರೆ. ಪಟ್ಟಿಗಳು ಪುಡಿಯನ್ನು ಎತ್ತೆತ್ತಿ ಬೀಳಿಸುತ್ತವೆ. ಎದ್ದ ಧೂಳನ್ನು ಪಂಪು ಎಳೆದಾಗ ಅದು ಸಾಲಾಗಿ ಎರಡು ಸ್ಪಂಜುಗಳನ್ನೂ ಒಂದು ಫಿಲ್ಟರನ್ನೂ ಹಾಯುತ್ತದೆ. ದೊರಗು ಸ್ಪಂಜಿನಲ್ಲಿ ದಪ್ಪ ಕಣ, ನಯವಾದದ್ದರಲ್ಲಿ ನಡುಗಾತ್ರದ್ದು, ಫಿಲ್ಟರಿನಲ್ಲಿ ಗಾಳಿಗೂಡು ಮುಟ್ಟುವಂಥದ್ದು ಸಿಕ್ಕಿಕೊಳ್ಳುತ್ತವೆ. ಮೂರನ್ನೂ ತೂಗಿ, ಒಂದು ಕಿಲೋ ಪುಡಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ.

ಎರಡನೆಯದು ಎಡೆಬಿಡದೆ ಬೀಳಿಸುವ ಪರೀಕ್ಷೆ. ಇದಕ್ಕೆ ಸುಮಾರು ಅರ್ಧ ಕಿಲೋ ಪುಡಿ ಬೇಕು. ನಿಮಿಷಕ್ಕೆ ಕೆಲವೇ ಗ್ರಾಂಗಳಂತೆ ಅದನ್ನು ನೆಟ್ಟಗೆ ನಿಲ್ಲಿಸಿದ ಕೊಳವೆಯೊಳಗೆ ಸುರಿಯುತ್ತಾರೆ. ಕೆಳಗಿನಿಂದ ಗಾಳಿ ಮೇಲೇರುತ್ತಿರುತ್ತದೆ. ಗಾಳಿ ಹೊತ್ತೊಯ್ದ ಧೂಳನ್ನು ಫಿಲ್ಟರುಗಳು ಹಿಡಿಯುತ್ತವೆ.

ಒಂದೇ ಪುಡಿಗೆ ಇವೆರಡೂ ಒಂದೇ ಸಂಖ್ಯೆ ಕೊಡುವುದಿಲ್ಲ. ಮೊದಲನೆಯದರಲ್ಲಿ ಹೆಚ್ಚು ಧೂಳೆಬ್ಬಿಸಿದ ಪುಡಿ ಎರಡನೆಯದರಲ್ಲಿ ಹಿಂದೆ ಬೀಳುವುದೂ ಉಂಟು. ಕಣಗಳು ಸಣ್ಣವಾದಷ್ಟೂ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಕೊಳವೆಯಲ್ಲಿ ಆ ಗಂಟು ಒಂದೇ ಸಲ ಬಿದ್ದು ಮುಗಿಯುತ್ತದೆ. ಡ್ರಮ್ಮಿನಲ್ಲಿ ಮತ್ತೆ ಮತ್ತೆ ಬಿದ್ದು ಒಡೆಯಬಹುದು, ಉರುಳುತ್ತಾ ಇನ್ನಷ್ಟು ಬಲಿಯಲೂಬಹುದು. ಅಂದರೆ ಧೂಳೇಳುವ ಗುಣ ಪುಡಿಯೊಂದರದ್ದೇ ಅಲ್ಲ, ಅದನ್ನು ನಡೆಸಿಕೊಳ್ಳುವ ಬಗೆಯದೂ ಹೌದು.

ಹಾಗಾಗಿ ಕೆಲಸ ನೋಡಿ ಪರೀಕ್ಷೆ ಆರಿಸಬೇಕು. ಗಿರಣಿಯ ಬಾಯಿಂದ ಡಬ್ಬಕ್ಕೆ ಹಿಟ್ಟು ಬೀಳುವುದು, ಕ್ರಷರಿನ ಬೆಲ್ಟಿನ ತುದಿಯಿಂದ ಜಲ್ಲಿಪುಡಿ ರಾಶಿಗೆ ಸುರಿಯುವುದು ಒಂದೇ ಬೀಳಿನ ಕೆಲಸಗಳು. ಕೊಳವೆ ಇವಕ್ಕೆ ಹತ್ತಿರ. ಜರಡಿ ಹಿಡಿಯುವುದಕ್ಕೆ, ಸಲಿಕೆಯಿಂದ ಮಗುಚುವುದಕ್ಕೆ ಡ್ರಮ್ ಹತ್ತಿರ. ಕ್ರಷರಿನ ದವಡೆಗೆ ಎರಡೂ ಒಗ್ಗವು. ಅಲ್ಲಿ ಇದ್ದ ಪುಡಿ ಏಳುವುದಲ್ಲ, ಕಲ್ಲು ಒಡೆದು ಹೊಸ ಧೂಳು ಹುಟ್ಟುತ್ತದೆ.

ಇನ್ನು ತೇವ. ಪರೀಕ್ಷೆ ನಡೆಯುವುದು ಸುಮಾರು 21 ಡಿಗ್ರಿ ಸೆಲ್ಸಿಯಸ್, ಶೇಕಡಾ 50ರ ಆಸುಪಾಸಿನ ಆರ್ದ್ರತೆಯಲ್ಲಿ. ಪಾವಗಡದ ಬೇಸಿಗೆಯ ಮಧ್ಯಾಹ್ನದ ಗಾಳಿ ಅದಕ್ಕಿಂತ ಎಷ್ಟೋ ಒಣ. ಕಣಗಳನ್ನು ಹಿಡಿದಿಡುವ ನೀರಿನ ಪಸೆ ಆರಿದರೆ ಪ್ರಯೋಗಾಲಯದಲ್ಲಿ ಸುಮ್ಮನಿದ್ದ ಪುಡಿ ಇಲ್ಲಿ ಎದ್ದೀತು.

ಪರೀಕ್ಷೆಗಳ ತರ್ಕ ಹಿಡಿದರೆ ಉಪಾಯವೂ ಅದರಲ್ಲೇ ಸಿಗುತ್ತದೆ. ದವಡೆಗೆ ನೀರು ಚಿಮುಕಿಸಿ, ಹುಟ್ಟುವಲ್ಲೇ ಧೂಳನ್ನು ಅದುಮಬೇಕು. ಬೆಲ್ಟಿನ ತುದಿಯನ್ನು ರಾಶಿಗೆ ಹತ್ತಿರ ತಂದು ಬೀಳುವ ಎತ್ತರ ತಗ್ಗಿಸಬೇಕು. ಗಿರಣಿಯ ಬಾಯಿಗೆ ಕಟ್ಟುವ ಬಟ್ಟೆಯ ತೋಳು ಮಾಡುವುದೂ ಇಷ್ಟೇ: ಹಿಟ್ಟು ಬೀಳುವ ದಾರಿಯಲ್ಲಿ ಹೊರಗಾಳಿ ಸೋಕದಂತೆ ತಡೆಯುವುದು. ತೋಳು ಹರಿದಿದ್ದರೆ ಇವತ್ತೇ ಹೊಲಿಸಿ. ಅದಕ್ಕೆ ಯಾವ ಪ್ರಯೋಗಾಲಯದ ವರದಿಯೂ ಬೇಕಿಲ್ಲ.