ಹೊಳೆ ಮುಗಿಯುವ ಊರು ಹೊನ್ನಾವರ

ಬೀಳಗಿ ಸೀಮೆಯವರಿಗೆ ಹೊಳೆ ಹೊಸದಲ್ಲ. ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುವುದನ್ನು ನೋಡುತ್ತ ಬೆಳೆದವರು ನಾವು. ಆಲಮಟ್ಟಿಯ ಹಿನ್ನೀರು ಹೊಲದ ಬದುವಿಗೆ ಬಂದು ನಿಂತದ್ದನ್ನೂ ಕಂಡಿದ್ದೇವೆ. ಆದರೆ ಆ ಹೊಳೆ ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನೋಡಿದವರು ನಮ್ಮಲ್ಲಿ ಎಷ್ಟು ಜನ? ಕೃಷ್ಣೆ ಸಾವಿರದ ನಾನೂರು ಕಿಲೋಮೀಟರ್ ಹರಿದು ಆಂಧ್ರದಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಅಷ್ಟು ದೂರ ಹೋಗುವುದು ಎಲ್ಲರ ಕೈಲಾಗದು. ಹೊಳೆ ಸಮುದ್ರವಾಗುವ ಜಾಗವನ್ನು ಮಕ್ಕಳಿಗೆ ತೋರಿಸಬೇಕೆಂದರೆ ಈ ಸೂಟಿಗೆ ಹೊನ್ನಾವರದ ದಾರಿ ಹಿಡಿಯಿರಿ. ಬಾಗಲಕೋಟೆ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಕುಮಟಾ, ಆಮೇಲೆ ಹೊನ್ನಾವರ.

ಇಲ್ಲಿಗೆ ಬರುವ ಹೊಳೆ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಒಟ್ಟು 130 ಕಿಲೋಮೀಟರ್ ಆಗುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಮುಗಿಯುವ ಆ ಜಾಗಕ್ಕೆ ಕರಾವಳಿಯವರ ಹೆಸರು ಅಳಿವೆ. ಬೆಳಿಗ್ಗೆ ಬೇಗ ಎದ್ದು ನೋಡಬೇಕಾದದ್ದು ಇದನ್ನೇ. ಇಳಿತದ ಹೊತ್ತಿನಲ್ಲಿ ಹೊಳೆ ಸಮುದ್ರಕ್ಕೆ ಓಡುತ್ತದೆ, ಉಬ್ಬರ ಬಂದಾಗ ಸಮುದ್ರವೇ ಹೊಳೆಯೊಳಗೆ ನುಗ್ಗುತ್ತದೆ. ಬೊಗಸೆಯಲ್ಲಿ ಹಿಡಿದ ನೀರು ಎಷ್ಟು ಉಪ್ಪು ಎಂಬುದು ನೀವು ಯಾವ ಹೊತ್ತಿಗೆ ನಿಂತಿದ್ದೀರಿ ಎಂಬುದರ ಮೇಲಿದೆ. ಅಳಿವೆಯ ಮರಳು ದಿಬ್ಬ ಒಂದೇ ಕಡೆ ಇರುವುದಿಲ್ಲ. ಹಾಗಾಗಿ ನೀರಿನ ಏರಿಳಿತ ನೋಡಿಕೊಂಡೇ ಬೋಟುಗಳು ಒಳಗೆ ಬರುತ್ತವೆ. ಕಡಲಿನಲ್ಲಿ ಬದುಕಿ ಬಂದವರಿಗೂ ಈ ಕೊನೆಯ ಒಂದು ಫರ್ಲಾಂಗು ಸುಲಭದ್ದಲ್ಲ.

ಈ ಅಳಿವೆಯೇ ಊರಿನ ಚರಿತ್ರೆಯನ್ನೂ ಬರೆದದ್ದು. 1340ರ ದಶಕದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಈ ಊರನ್ನು ಹಿನಾವರ್ ಎಂದು ಕರೆದ. ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಇಲ್ಲಿ ಕಂಡೆ ಎಂದು ಬರೆದಿಟ್ಟ. ಸುಮಾರು ಏಳುನೂರು ವರ್ಷಗಳ ಹಿಂದೆ ಬಂದರಿನ ಊರೊಂದರಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದ ಸಂಗತಿ ಓದಿದಾಗ ನನಗೆ ಬಹಳ ಸಂತೋಷವಾಯಿತು. ಊರಿನ ಹೆಬ್ಬಾಗಿಲಲ್ಲಿ ಕೆತ್ತಿ ನಿಲ್ಲಿಸಬೇಕಾದ ಮಾತದು. ಮುಂದೆ ಪೋರ್ಚುಗೀಸರು ಬಂದರು. ಇಲ್ಲಿನ ನಾವಿಕ ತಿಮ್ಮಯ್ಯ 1510ರಲ್ಲಿ ಗೋವೆ ಹಿಡಿಯಲು ಅವರ ದಳಪತಿ ಅಲ್ಬುಕರ್ಕನಿಗೆ ನೆರವಾದ. ಹೊಳೆಯ ಮೇಲ್ದಂಡೆಯ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು ಇದೇ ನೀರಿನಲ್ಲಿ ದೋಣಿಯೇರಿ ಕಡಲಿಗೆ ಇಳಿಯುತ್ತಿತ್ತು.

ಈಗ ದೋಣಿಯಲ್ಲಿ ಬರುವುದು ಬಂಗಡೆ, ತಾರಲಿ, ಶೆಟ್ಲಿ. ದಕ್ಕೆಗೆ ಬೋಟು ತಾಗಿದ ಕೂಡಲೇ ಬುಟ್ಟಿಗಳು ಇಳಿಯುತ್ತವೆ, ಹರಾಜಿನ ಕೂಗು ಏಳುತ್ತದೆ, ಮಂಜುಗಡ್ಡೆ ಪುಡಿಯಾಗುತ್ತದೆ. ಕೆಲಸಕ್ಕೆ ಅಡ್ಡಿಯಾಗದಂತೆ ಬದಿಗೆ ನಿಂತು ನೋಡಿ. ಖಾರ್ವಿ, ಮೊಗೇರ, ಹರಿಕಾಂತ, ಅಂಬಿಗ ಮನೆತನಗಳ ದುಡಿಮೆ ಇದು. ಅಂಬಿಗರೆಂದರೆ ನಮ್ಮ ಕೃಷ್ಣೆಯ ದಂಡೆಯಲ್ಲೂ ಇದ್ದಾರಲ್ಲ, ಹಿನ್ನೀರಿನಲ್ಲಿ ಬಲೆ ಬೀಸುವವರು. ಕಡಲಿನ ಬಲೆ ನೋಡಿದರೆ ನಮ್ಮೂರಿನ ಆ ಬಲೆಯೂ ನೆನಪಾಗುತ್ತದೆ.

ಸೇತುವೆ ದಾಟಿದರೆ ಕಾಸರಕೋಡು. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಸ್ವಚ್ಛವಾಗಿದೆ, ಮಕ್ಕಳಿಗೆ ಒಳ್ಳೆಯದು. ಹತ್ತಿರದಲ್ಲೇ ಕಾಂಡ್ಲಾ ಕಾಡಿನ ನಡುವೆ ಹಲಗೆಯ ಕಾಲುದಾರಿ ಇದೆ. ಕೆಸರಿನಿಂದ ಮೇಲೆದ್ದು ಉಸಿರಾಡುವ ಬೇರುಗಳನ್ನು ಬಗ್ಗಿ ನೋಡಬಹುದು. ಅಪ್ಸರಕೊಂಡದ ಸಣ್ಣ ಜಲಪಾತ, ಇಡಗುಂಜಿಯ ಗಣಪತಿ ಗುಡಿ ಒಂದೇ ದಿನದಲ್ಲಿ ಆಗುತ್ತವೆ. ಯಕ್ಷಗಾನದ ಒಲವಿದ್ದವರು ಗುಣವಂತೆಯನ್ನು ಮರೆಯಬಾರದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳದ ನೆಲೆ ಅದು.

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಕಾಸರಕೋಡಿನ ಟೊಂಕದಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಬಯಲು. ಆ ಬಯಲಿನಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ. ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಈ ಮರಳಿಗೇ. ಇಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಮುಳುಗಡೆಯ ನಾಡಿನಿಂದ ಹೋದವನಿಗೆ ಅವರ ಭಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮನೆ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಹೋದವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಪರಿಹಾರದ ಹಣ ಬಂದಮೇಲೂ ಹಳೇ ಊರಿನ ಗುಡಿಯ ಮಾತು ಅವರ ಬಾಯಲ್ಲಿ ನಿಂತಿಲ್ಲ. ಟೊಂಕದ ಮರಳು ಹೋದರೆ ಆ ಹೆಂಗಸರು ಮೀನನ್ನು ಎಲ್ಲಿ ಹರವಬೇಕು? ನಾನು ಅವರ ಪರ.

ಹೋಗುವವರು ಮೇ ಮುಗಿಯುವ ಮೊದಲೇ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ದಕ್ಕೆ ಸುಮ್ಮನಾಗುತ್ತದೆ, ಸಮುದ್ರ ರೌದ್ರವಾಗುತ್ತದೆ. ಮಳೆಗಾಲಕ್ಕೆಂದು ಆ ಹೆಂಗಸರು ಕಟ್ಟಿಟ್ಟ ಒಣಮೀನನ್ನು ಮೀನುಣ್ಣುವ ಮನೆಯವರು ಅವರ ಕೈಯಿಂದಲೇ ಕೊಂಡು ತನ್ನಿ. ಜೋಳದ ರೊಟ್ಟಿಗೂ ಅದು ಚಲೋ ಒಗ್ಗುತ್ತದೆ.